ಎಂಟನೆಯ ತರಗತಿ ವಿಜ್ಞಾನದ ಕ್ಯಾಸೆಟ್

ವೈನಿ, ಆ ಕ್ಯಾಸೆಟ್ ಅಳಿಸಿದ್ದು ಅಣ್ಣನಲ್ಲ. ನಾನು. ವಾಡಿಯಲ್ಲಿ, ಒಂದು ಶನಿವಾರ ಮಧ್ಯಾಹ್ನ, ನಾನೇ ನಿಂತು ಅಳಿಸಿಸಿದೆ. ಮರುದಿನ ನಿಮ್ಮ ಕಾರಿನಲ್ಲೇ ಕೂತು ನಿಮಗೆ ಸುಳ್ಳು ಹೇಳಿದೆ. ಮೊದಲನೆಯದು ತಪ್ಪು. ಎರಡನೆಯದು — ಅದಕ್ಕೆ ಹೆಸರು ನೀವೇ ಇಡಿ.

ಮೂವತ್ತು ವರ್ಷ ಸುದ್ದಿ ಬರೆದವನು ನಾನು. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುವುದಷ್ಟೇ ನನಗೆ ಬರುತ್ತದೆ. ಹಾಗೆಯೇ ಹೇಳುತ್ತೇನೆ.

ಎರಡು ಸಾವಿರದ ಆರರ ಬೇಸಿಗೆ. ಅಣ್ಣ ಸೇಡಂನಲ್ಲಿ ಹೈಸ್ಕೂಲು ವಿಜ್ಞಾನ ಮಾಸ್ತರ. ಆಗಷ್ಟೇ ಸೆಕೆಂಡ್ ಹ್ಯಾಂಡ್ ಬಿಳಿ ಕಾರು ಕೊಂಡಿದ್ದ. ನಾನು ಶಹಾಬಾದದಲ್ಲಿ ಪತ್ರಿಕೆಯ ವರದಿಗಾರ. ಬೇಸಿಗೆ ರಜೆಗೆ ನೀವೆಲ್ಲ ಚಿಂಚೋಳಿಯ ನಿಮ್ಮ ತವರಿಗೆ ಕಾರಿನಲ್ಲಿ ಹೋಗುವ ಮೊದಲ ಪ್ರಯಾಣ ಅದು, ನಾನೂ ಜೊತೆಗೆ. ನಾನು ಹೈದರಾಬಾದಿನಿಂದ ಬೆರಳುದ್ದದ ಎಂಪಿತ್ರೀ ಪ್ಲೇಯರ್ ತರಿಸಿ, ಅದರಲ್ಲಿ ನಿಮಗೆ ಬೇಕಾದ ಹಾಡುಗಳನ್ನೆಲ್ಲ ತುಂಬಿಸಿದ್ದೆ. ಆದರೆ ಕಾರಿನ ಜೊತೆಗೇ ಕಂಪನಿಯಿಂದ ಬಂದಿದ್ದ ಸ್ಟೀರಿಯೊಗೆ ಒಂದು ಕ್ಯಾಸೆಟ್ ಬಾಯಿ, ಒಂದು ರೇಡಿಯೊ, ಅಷ್ಟೇ. ಪ್ಲೇಯರಿನ ತಂತಿ ಚುಚ್ಚಲು ತೂತೇ ಇಲ್ಲ. ಅಣ್ಣನಿಗೆ ನಿಜ ಹೇಳದೆ, ಸರ್ವಿಸ್ ಮಾಡಿಸುತ್ತೇನೆಂದು ಕಾರು ತೆಗೆದುಕೊಂಡು ವಾಡಿಗೆ ಹೋದೆ. ಸ್ಟೇಷನ್ ಎದುರು ಖಾಜಾ ಭಾಯಿಯ ರೇಡಿಯೊ ರಿಪೇರಿ ಅಂಗಡಿ.

ಖಾಜಾ ಸೆಟ್ಟನ್ನು ಹೊರಗೆಳೆದು, ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲೆ ಬೆರಳಾಡಿಸಿದ. ಟೇಪಿನ ದನಿ ವಾಲ್ಯೂಮಿಗೆ ಹೋಗುವ ದಾರಿಯಲ್ಲಿ ಎರಡು ಕಡೆ ಸಣ್ಣ ತಂತಿ ಬೆಸೆದ, ಇನ್ನೊಂದನ್ನು ಸೆಟ್ಟಿನ ಮೈಗೆ ಬೆಸೆದ, ಮೂರನ್ನೂ ಹೆಣೆದು ಆ್ಯಶ್‌ಟ್ರೇ ಸಂದಿಯಿಂದ ಹೊರಗೆ ತಂದು ತುದಿಗೆ ಪಿನ್ನು ಕೂಡಿಸಿದ. ಪ್ಲೇಯರ್ ಚುಚ್ಚಿದೆವು. ಶಬ್ದವಿಲ್ಲ.

"ಟೇಪ್ ಓಡಾಕತ್ತದಂತ ಸೆಟ್ಟಿಗಿ ಅನಸ್ಬೇಕು ಸಾಬ್, ಆವಾಗೇ ಬಾಗಲ ತೆರೀತದ. ಒಳಗ ಒಂದ್ ಕ್ಯಾಸೆಟ್ ತಿರಗ್ತಿರಬೇಕು, ಆದ್ರ ಅದು ಬಾಯಿ ಬಿಡಬಾರ್ದು," ಎಂದ ಖಾಜಾ. "ಖಾಲಿ ಕ್ಯಾಸೆಟ್ ಬೇಕ್ರಿ."

ಖಾಲಿ ಕ್ಯಾಸೆಟ್ ಯಾವ ಅಂಗಡಿಯಲ್ಲೂ ಸಿಗಲಿಲ್ಲ, ಮಾರುವುದನ್ನೇ ಬಿಟ್ಟಿದ್ದರು. ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದು ನೋಡಿದೆ. ನಾಲ್ಕು ಕ್ಯಾಸೆಟ್ ಇದ್ದವು. ಮೂರು ದೇವರನಾಮ. ನಾಲ್ಕನೆಯದರ ಮೇಲೆ ಅಣ್ಣನ ದುಂಡು ಅಕ್ಷರ: ಎಂಟನೆಯ ತರಗತಿ, ವಿಜ್ಞಾನ, ಪಾಠ ಆರು ಮತ್ತು ಏಳು.

ಅದನ್ನು ಕೊಟ್ಟೆ. ಖಾಜಾ ತಿರುವಿ ನೋಡಿದ. ಕ್ಯಾಸೆಟ್ಟಿನ ಹಿಂದಿನ ಅಂಚಿನ ಎರಡು ಪ್ಲಾಸ್ಟಿಕ್ ಹಲ್ಲುಗಳನ್ನು ಯಾರೋ ಮುರಿದಿದ್ದರು. ಅವನ್ನು ಮುರಿದರೆ ಅದರ ಮೇಲೆ ಬೇರೇನನ್ನೂ ತುಂಬಲು ಬರುವುದಿಲ್ಲ, ಒಳಗಿದ್ದದ್ದು ಅಳಿಯುವುದೂ ಇಲ್ಲ.

"ಸಾಬ್, ಬೇಕಂತನೇ ಹಲ್ಲ ಮುರದಾರ. ಒಮ್ಮೆ ಹಚ್ಚಿ ಕೇಳ್ರಲ್ಲ."

"ಏ ಬಿಡೋ ಖಾಜಾ, ನಮ್ಮಣ್ಣನ ಪಾಠ ಅವನ ಮನಿಗಿ ಹೋದಾಗೆಲ್ಲ ಕೇಳ್ತೀನಿ. ಇಲ್ಲೂ ಕೇಳ್ಬೇಕೇನು?"

ಅವನು ನಕ್ಕು, ಆ ಎರಡು ತೂತುಗಳಿಗೆ ಬೀಡಿ ಕಟ್ಟಿನ ಕಾಗದ ಮಡಚಿ ತುರುಕಿದ. ಅಂಗಡಿಯ ಟೇಪಿಗೆ ಹಾಕಿ, ಮೈಕಿನ ತಂತಿ ಕಿತ್ತು, ರೆಕಾರ್ಡ್ ಒತ್ತಿದ. ಒಂದು ಬದಿಗೆ ಅರ್ಧ ತಾಸು, ಇನ್ನೊಂದು ಬದಿಗೆ ಅರ್ಧ ತಾಸು. ಬರೆದದ್ದನ್ನು ನಂಬಬೇಡ, ವಿಚಾರಿಸಿ ನೋಡು — ಪತ್ರಿಕೆಯಲ್ಲಿ ನನಗೆ ಮೊದಲ ದಿನ ಕಲಿಸಿದ್ದು ಇದು. ವಿಚಾರಿಸಲು ಒಂದು ತಾಸು ಇತ್ತು. ಸ್ಟೇಷನ್ನಿನಲ್ಲಿ ಎರಡು ಕಪ್ ಚಹಾ ಕುಡಿದೆ.

ಮರುದಿನದ ಬೆಳಗ್ಗೆಯನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ — ಅದೇ ನನ್ನ ತೊಂದರೆ. ಸೇಡಂ ದಾಟುವ ಮೊದಲೇ ನಾನು ಹಿಂದಿನ ಸೀಟಿನಿಂದ ಕೈಚಾಚಿ ಪ್ಲೇಯರ್ ಒತ್ತಿದೆ. ನಾಲ್ಕೂ ಸ್ಪೀಕರಿನಿಂದ ಹಾಡು ಸುರಿಯಿತು. ಅಣ್ಣ ಬ್ರೇಕ್ ಹಾಕಿ, ಕಾರು ಬದಿಗೆ ನಿಲ್ಲಿಸಿ, ಆ ಬೆರಳುದ್ದದ ಡಬ್ಬಿಯನ್ನು ಅಂಗೈಯಲ್ಲಿಟ್ಟು ತಿರುವಿ ತಿರುವಿ ನೋಡಿದ. "ಇಷ್ಟ್ ಸಣ್ಣದ್ರಾಗ ಇಷ್ಟೊಂದ್ ಮಂದಿ ಹ್ಯಾಂಗ ಕೂತಾರೋ?" ಎಂದ. ನೀವು ಮುಂದಿನ ಸೀಟಿನ ಮೇಲೆ ಕಾಲು ಮಡಚಿ ಕೂತು, ಪ್ರತಿ ಹಾಡಿಗೂ ದನಿ ಸೇರಿಸಿ, ನಿಮಗೆ ಒತ್ತಿ ಕೂತಿದ್ದ ಮಗ ಶ್ರೀಧರನ ತೊಡೆಯ ಮೇಲೆ ತಾಳ ಹಾಕಿದಿರಿ. ತೊಗರಿ ಕಟಾವಾದ ಬರಿ ಹೊಲಗಳ ನಡುವೆ ನಮ್ಮ ಕಾರೊಂದೇ ಮದುವೆ ದಿಬ್ಬಣದಂತೆ ಹೋಗುತ್ತಿತ್ತು.

ಅರ್ಧ ತಾಸಿಗೆ ಪ್ಲೇಯರಿನ ಚಾರ್ಜು ಮುಗಿಯಿತು.

"ಇರ್ಲಿ ಬಿಡು. ನಮ್ಮ ವಿಜ್ಞಾನದ ಕ್ಯಾಸೆಟ್ ಹಚ್ಚೋಣು," ಎಂದಿರಿ ನೀವು.

ವಿಜ್ಞಾನ ಕೇಳುತ್ತಾ ತವರಿಗೆ ಯಾರು ಹೋಗುತ್ತಾರೆ ಎಂದುಕೊಂಡೆ. ನೀವು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಹುಡುಕಿದಿರಿ. ಸಿಗದೆ ಸ್ಟೀರಿಯೊದ ಗುಂಡಿ ಒತ್ತಿದಾಗ ಅದೇ ಕ್ಯಾಸೆಟ್ ಹೊರಗೆ ಬಂತು. "ಅಯ್ಯ, ಇಲ್ಲೇ ಅದಲ್ಲ!" ಎಂದು ಮತ್ತೆ ಒಳಗೆ ತಳ್ಳಿ, ನನ್ನ ಕಡೆ ತಿರುಗಿ, ನಗು ತಡೆಯಲಾಗದೆ ಹೇಳಿದಿರಿ — ಅದರಲ್ಲಿ ಇರುವುದು ಪಾಠವಲ್ಲ, ನಿಮ್ಮ ಮದುವೆಯ ಬೀಗರ ಹಾಡು. ನಿಮ್ಮ ಕಡೆಯ ಹೆಂಗಸರು ಚಪ್ಪರದಲ್ಲಿ ಕೂತು ಮದುಮಗನನ್ನು ಗೇಲಿ ಮಾಡಿ ಹಾಡಿದ್ದು. ಮನೆಗೆ ಬಂದ ಶಾಲೆಯ ಹುಡುಗರು ಯಾರಾದರೂ ಹಚ್ಚಿ ಕೇಳಿಯಾರೆಂದು ಅಣ್ಣ ಅದಕ್ಕೆ ಸುಳ್ಳು ಹೆಸರು ಬರೆದಿದ್ದ.

ಟೇಪು ತಿರುಗಿತು. ದನಿ ಬರಲಿಲ್ಲ. ಬದಿ ತಿರುವಿದಿರಿ. ಬರಲಿಲ್ಲ.

"ಪಾಂಡು, ಇದನ್ನ ನೀ ಹಾಕಿದ್ದೇನು?"

ಆಗ ನಾನು ಹೇಳಿದ್ದು, ಅಕ್ಷರ ತಪ್ಪದೆ, ಇದು: "ಹೌದ್ರಿ ವೈನಿ. ನಾ ಹಾಕುವಾಗೇ ಖಾಲಿ ಇತ್ತು. ಪೂರಾ ಕೇಳಿ ನೋಡೇ ಹಾಕೀನಿ."

ಕೇಳಿ ನೋಡೇ. ಆ ಎರಡು ಪದ ಯಾಕೆ ಸೇರಿಸಿದೆನೋ — ಸುಳ್ಳಿಗೂ ಸಾಕ್ಷಿ ಒದಗಿಸುವ ಚಟ ಇರಬೇಕು. ನೀವು ನಂಬಿದಿರಿ, ಪೇಪರಿನವನು, ನೋಡದೆ ಹೇಳುವವನಲ್ಲ ಎಂದು. ಹಾಗಾದರೆ ಅಳಿಸಿದವರು ಇನ್ಯಾರು? ನೀವು ಅಣ್ಣನ ಕಡೆ ತಿರುಗಿದಿರಿ.

"ಮಾಸ್ತರ, ಕಡೀಕೂ ಸೇಡು ತೀರ್ಸಿಕೊಂಡ್ರಿ ಅಲ್ಲ?"

"ಏ, ನಾ ಯಾಕ ಅಳಸ್ಲಿ? ಯಾರೂ ಅಳಸಬಾರ್ದಂತ ಅದರ ಹಲ್ಲ ನಾನೇ ಮುರದೀನಿ. ಮದುವಿ ಆದ ವಾರದಾಗೇ."

"ನಿಮ್ಮ ಹಲ್ಲ ಮುರೀಬೇಕಿತ್ತು ಆವಾಗ!"

ಕಾರಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ನಿಜ ಹೇಳುತ್ತಿದ್ದಾನೆಂದು ಆ ಕಾರಿನಲ್ಲಿ ತಿಳಿದಿದ್ದವನು ನಾನೊಬ್ಬನೇ. ಮುರಿದ ಆ ಹಲ್ಲುಗಳ ಜಾಗದಲ್ಲಿ ಖಾಜಾನ ಬೀಡಿ ಕಾಗದ ಇತ್ತು. ಹಾಡೆಂದರೆ ಮುಖ ತಿರುವುತ್ತಿದ್ದ ಅಣ್ಣ, ತನ್ನನ್ನೇ ಗೇಲಿ ಮಾಡಿದ ಆ ಹಾಡನ್ನು ಹನ್ನೆರಡು ವರ್ಷ ಕಾಪಾಡಿಕೊಂಡು ಬಂದಿದ್ದ. ಮುಂದಿನ ಕನ್ನಡಿಯಲ್ಲಿ ಅವನು ಒಮ್ಮೆ ನನ್ನನ್ನು ನೋಡಿದ. ಅವನಿಗೆ ಗೊತ್ತಾಯಿತೆ? ಗೊತ್ತಾಗಿದ್ದರೆ ಯಾಕೆ —

ನೀವು ಖಾಲಿ ಟೇಪನ್ನು ನಿಲ್ಲಿಸಿದಿರಿ. ಆಮೇಲೆ ಸೆರಗು ಬಿಗಿದು, ಚಪ್ಪಾಳೆ ತಟ್ಟಿ, ನೀವೇ ಆ ಹಾಡು ಶುರು ಮಾಡಿದಿರಿ: "ನಮ್ಮ ಅಳಿಯ ಶಹಾಬಾದಿ ಫರಸಿ, ಬಿಸಲಾಗೂ ತಣ್ಣಗ, ನಗಿಸಿದ್ರೂ ಸುಮ್ಮಗ." ಹಾಸುಗಲ್ಲೆನಿಸಿಕೊಂಡ ಅಣ್ಣ ನಗಬಾರದೆಂದು ತುಟಿ ಕಚ್ಚಿದ, ಮುಂದಿನ ನುಡಿಗೆ ಸೋತು ಹೋದ. ಅಂದಿನಿಂದ ಆ ಕಾರಿನಲ್ಲಿ ಯಾವ ಪ್ರಯಾಣವೂ ಈ ಹಾಡಿಲ್ಲದೆ ಆಗಲಿಲ್ಲ. ಅಷ್ಟು ನಕ್ಕ ದಿನಗಳು ನನ್ನ ಬದುಕಿನಲ್ಲಿ ಬೇರೆ ಇಲ್ಲ. ಆದರೆ ಕುಂಚಾವರಂನ ನಿಮ್ಮ ಸೋದರತ್ತೆ ತೆಲುಗಿನಲ್ಲಿ ಹಾಡಿದ್ದ ನುಡಿ ಬಂದಾಗ ಪ್ರತಿ ಸಲ ನೀವು ನಿಲ್ಲುತ್ತಿದ್ದಿರಿ. "ಮುಂದಿಂದು ಮರತೀನಿ. ಮಾಸ್ತರನ್ನ ಕೇಳ್ರಿ, ಅಳಿಸಿದವರು ಅವರು." ಆ ನುಡಿ ಈಗ ಯಾರಿಗೂ ಬರುವುದಿಲ್ಲ. ಅತ್ತೆಯೂ ಇಲ್ಲ. ಅಣ್ಣ ಪ್ರತಿ ಸಲ "ನಾ ಅಲ್ಲ" ಎನ್ನುತ್ತಿದ್ದ. ಪ್ರತಿ ಸಲ ನೀವು ನಗುತ್ತಿದ್ದಿರಿ. ಪ್ರತಿ ಸಲ ನಾನು ಕಿಟಕಿಯಾಚೆ ನೋಡುತ್ತಿದ್ದೆ.

ಈಗ ಯಾಕೆ ಹೇಳುತ್ತಿದ್ದೇನೆ? ಶ್ರೀಧರನ ಮದುವೆ ಮುಂದಿನ ವಾರ. ಹುಡುಗಿಯ ಕಡೆಯವರು ಚಿತ್ತಾಪುರದವರು. ಬೀಗರ ಹಾಡು ಹಾಡುವವರು ಅವರ ಹೆಂಗಸರು. ನೀವು ಗುಟ್ಟಾಗಿ ಅವರಿಗೆ ನಿಮ್ಮ ಗಂಡನ ಮೇಲೆಯೇ ನುಡಿ ಕಟ್ಟಿ ಕೊಡುತ್ತಿದ್ದೀರಿ. ಅವನ್ನು ಟೈಪ್ ಮಾಡಿಸಿ ಚಿತ್ತಾಪುರಕ್ಕೆ ಮುಟ್ಟಿಸುವ ಕೆಲಸ ನನಗೆ ಕೊಟ್ಟಿದ್ದೀರಿ. "ಒಂದಕ್ಷರ ತಪ್ಪಬಾರ್ದು ನೋಡು ಪಾಂಡು" ಎಂದೂ ಹೇಳಿದ್ದೀರಿ. ಹಾಳೆಯ ಕೊನೆಯಲ್ಲಿ ಇದೆ:

ಹಾಡಿನ ಕ್ಯಾಸೆಟ್ಟ ಅಳಿಸ್ಯಾರ ಮಾಸ್ತರ,
ಕೇಳಿದ್ರ ನಾ ಅಲ್ಲ ಅಂದಾರ.

ಮನೆಯ ಕಾರಿನಲ್ಲಿ ಆಡಿದ ಸುಳ್ಳು ಇನ್ನು ತುಂಬಿದ ಚಪ್ಪರದಲ್ಲಿ, ಬೀಗರ ಮುಂದೆ, ಅಣ್ಣನ ಹೆಸರಿನಲ್ಲಿ ಹಾಡಾಗುತ್ತದೆ. ಅವನು ಅಲ್ಲಿಯೂ ನಗುತ್ತಾನೆ. ತಪ್ಪು ಸುದ್ದಿ ಯಾವ ಪುಟದಲ್ಲಿ ಬಂತೋ ತಿದ್ದುಪಡಿಯೂ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು. ಬೇರೆಯವರ ತಪ್ಪುಗಳಿಗೆ ಇದನ್ನು ನಾನು ಚೆನ್ನಾಗಿಯೇ ಮಾಡಿಸಿದ್ದೇನೆ.

ಕಾರಿನಿಂದ ಆಮೇಲೆ ನಾನೇ ತೆಗೆದಿಟ್ಟುಕೊಂಡಿದ್ದ ಆ ಕ್ಯಾಸೆಟ್ಟನ್ನೂ ಈ ಪತ್ರದ ಜೊತೆ ನಿಮಗೆ ಕಳಿಸಿದ್ದೇನೆ. ಬೀಡಿ ಕಾಗದ ಹಾಗೆಯೇ ಇದೆ, ತೆಗೆದು ನೋಡಿ. ಅಣ್ಣ ಮುರಿದದ್ದು ಕಾಣುತ್ತದೆ. ನಿಮ್ಮ ಮಾತು ಮೀರಿ ಕೊನೆಯ ನುಡಿಯನ್ನು ತಿದ್ದಿದ್ದೇನೆ. ಚಿತ್ತಾಪುರಕ್ಕೆ ಹೋಗಿರುವುದು ಇದೇ:

ಹಾಡಿನ ಕ್ಯಾಸೆಟ್ಟ ಅಳಿಸ್ಯಾನ ಪೇಪರಿನಾಂವ,
ಕೇಳಿದ್ರ ಮಾಸ್ತರನ್ನ ತೋರ್ಸ್ಯಾನ.

ಧಾಟಿಗೆ ಕೂಡುತ್ತದೆ, ಹಾಡಿ ನೋಡಿದ್ದೇನೆ. ಆ ದಿನ ನಾನು ಚಪ್ಪರದಲ್ಲಿ ಮುಂದಿನ ಸಾಲಿನಲ್ಲಿ, ಅಣ್ಣನ ಪಕ್ಕದಲ್ಲಿ ಕೂತಿರುತ್ತೇನೆ. ಕಿಟಕಿಯಿಲ್ಲದ ಜಾಗ ಅದು.