ರಾಡು ಹಿಡಿಯದ ಅನಸೂಯಾಬಾಯಿ ಮತ್ತು ಗುರುವಾರದ ಗುಳಿಗೆ

ಭೀಮನಿಗೆ ಗದೆ ಬೇಕಾಗಿತ್ತು, ಅರ್ಜುನನಿಗೆ ಗಾಂಡೀವ ಬೇಕಾಗಿತ್ತು. ಸೇಡಂನ ಅನಸೂಯಾಬಾಯಿಯವರಿಗೆ ಮಾತ್ರ ಏನೂ ಬೇಕಾಗಿರಲಿಲ್ಲ. ಬಸ್ಸಿನಲ್ಲಿ ಹಿಡಿದುಕೊಳ್ಳಲು ಒಂದು ರಾಡು ಸಹ. ಕುರಕುಂಟಾದ ಶಾಲೆಯಲ್ಲಿ ಕನ್ನಡ ಕಲಿಸಲು ಇಪ್ಪತ್ಮೂರು ವರ್ಷ ಬೆಳಗಿನ ಬಸ್ಸಿನಲ್ಲಿ ನಿಂತೇ ಹೋದ ಈ ಟೀಚರು, ಊರವರ ಬಾಯಲ್ಲಿ ‘ಬಾಯಾರು’, ತಲೆಯ ಮೇಲಿನ ರಾಡನ್ನು ಒಂದು ದಿನವೂ ಮುಟ್ಟಿದವರಲ್ಲ. ಸೀಟಿನ ಬೆನ್ನನ್ನೂ ಹಿಡಿಯುತ್ತಿರಲಿಲ್ಲ. ಕೂತವರ ತಲೆಯೆಣ್ಣೆ ಕೈಗೆ ಹತ್ತುತ್ತದೆ ಎಂದು ಅದರ ಕಾರಣವನ್ನು ಅವರೇ ಹತ್ತು ಸಲ ಹೇಳಿದ್ದರು. ರಾಡಿನ ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗದಲ್ಲಿ ಜನ ಪುರಾಣ ಕಟ್ಟಿದರು.

ವಾಡಿಯ ರೈಲ್ವೆ ಮಂದಿ ಆಕೆಯ ಹಿಮ್ಮಡಿಯಲ್ಲಿ ಗೂಡ್ಸ್ ಗಾಡಿಯ ಬ್ರೇಕ್ ಇದೆ ಎಂದರು. ಶಹಾಬಾದಿನ ಕಲ್ಲಿನ ಗಣಿಯವರು, ಅದು ಮನುಷ್ಯ ಜಾತಿಯೇ ಅಲ್ಲ, ನಮ್ಮ ಗಣಿಯಿಂದ ಯಾರೋ ಚಪ್ಪಡಿ ಒಯ್ದು ಸೀರೆ ಉಡಿಸಿದ್ದಾರೆ ಎಂದರು. ಚಿಂಚೋಳಿಯಿಂದ ಬಂದ ಒಬ್ಬ ಗುಮಾಸ್ತನಂತೂ ಹನುಮಂತದೇವರು ಕನಸಿನಲ್ಲಿ ಬಂದು ಆಕೆಯ ಅಂಗಾಲಿಗೆ ವರ ಕೊಟ್ಟ ತಿಥಿ, ವಾರ, ನಕ್ಷತ್ರ ಸಮೇತ ಹೇಳುತ್ತಿದ್ದ.

ಇಷ್ಟಕ್ಕೂ ಕಾರಣ ತೊಂಬತ್ನಾಲ್ಕನೆಯ ಇಸವಿಯ ಒಂದು ಎಮ್ಮೆ. ಊರು ದಾಟಿದ ಮೇಲೆ ತಿರುವಿನಲ್ಲಿ ಅದು ಅಡ್ಡ ಬಂತು, ಡ್ರೈವರು ಬ್ರೇಕ್ ಒತ್ತಿದ. ಬಸ್ಸಿನಲ್ಲಿದ್ದ ಮಂದಿ, ಎರಡು ಆಡು, ಒಂದು ತೊಗರಿ ಚೀಲ ಎಲ್ಲವೂ ಮುಂದಕ್ಕೆ ಹೋಗಿ ಒಂದರ ಮೇಲೊಂದು ಬಿದ್ದವು. ಧೂಳು ಇಳಿದಾಗ ಇನ್ನೂ ನಿಂತಿದ್ದವರು ಇಬ್ಬರೇ: ಹೊರಗೆ ಎಮ್ಮೆ, ಒಳಗೆ ಅನಸೂಯಾಬಾಯಿ. ಕಂಡಕ್ಟರ್ ಮಶಾಕ ಸೀಟಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ಬಾಯಾರ, ನಿಮಗೇನೂ ಆಗಿಲ್ಲಲ್ಲರಿ?" ಎಂದು ಕೇಳಿದ.

"ನನಗೇನಾಗ್ತದ? ಮೊದಲ ನಿನ್ನ ಟೋಪಿ ಹುಡುಕ್ಕೊ" ಎಂದರು ಬಾಯಾರು.

ಇಂಥ ವೀರರನ್ನು ಶತ್ರು ಎದುರಿನಿಂದ ಹೊಡೆಯುವುದಿಲ್ಲ, ಒಳಗಿನಿಂದ ಹೊಡೆಯುತ್ತಾನೆ. ಎರಡು ಸಾವಿರದ ನಾಲ್ಕರಲ್ಲಿ ಸಂಧಿವಾತ ಬಂತು. ಮೊದಲು ಬೆರಳು, ಆಮೇಲೆ ಮೊಣಕಾಲು, ಭುಜ. ಆರು ತಿಂಗಳು ಅನಸೂಯಾಬಾಯಿ ಬಸ್ಸು ಹತ್ತಲಿಲ್ಲ. ಗಂಡ ವಿಠ್ಠಲರಾಯರು ಅಂಚೆ ಕಚೇರಿಯಿಂದ ನಿವೃತ್ತರಾಗಿ ಮನೆಯಲ್ಲೇ ಇದ್ದರು. ಹೆಂಡತಿಯ ಜಡೆಯನ್ನೂ ಅವರೇ ಹಾಕಬೇಕಾಯಿತು. ಹಾಕಿದ ಜಡೆ ಟಪಾಲು ಚೀಲದ ಬಾಯಿ ಕಟ್ಟಿದ ಹಾಗೆ ಇರುತ್ತಿತ್ತು.

ಕೊನೆಗೆ ಸೇಡಂನಲ್ಲೇ ದವಾಖಾನೆ ಇಟ್ಟಿದ್ದ ಡಾಕ್ಟರ್ ಅತೀಯಾ ಸ್ಟಿರಾಯ್ಡ್ ಗುಳಿಗೆ ಕೊಟ್ಟಳು. ಅತೀಯಾ ಕುರಕುಂಟಾದವಳು, ಇದೇ ಬಾಯಾರ ಕೈಯಲ್ಲಿ ಕಾಗುಣಿತ ಕಲಿತವಳು. ಎಂಟೇ ದಿನಕ್ಕೆ ಬಾಯಾರ ಕೈ ಮೇಲೆದ್ದಿತು. ಹದಿನೈದನೆಯ ದಿನ ಅವರು ಬಸ್ಸಿನಲ್ಲಿದ್ದರು. ನಿಂತು, ರಾಡು ಹಿಡಿಯದೆ. ಮಶಾಕ ಅವತ್ತು ಸೀಟಿ ಎರಡು ಸಲ ಊದಿದನಂತೆ.

ಒಂದು ವರ್ಷ ಹೀಗೇ ನಡೆಯಿತು. ಆಮೇಲೊಂದು ದಿನ ಹಂಡೆ ಎತ್ತುವಾಗ ಬೆನ್ನು ಚಳಕ್ ಅಂದಿತು. ಅತೀಯಾ ಗುಲಬರ್ಗಾಕ್ಕೆ ಕಳಿಸಿ ಬೆನ್ನಿನ ಎಕ್ಸ್‌ರೇ ಫೋಟೋ ತೆಗೆಸಿದಳು, ಬಾಯಾರನ್ನು ಗೋಡೆಗೆ ನಿಲ್ಲಿಸಿ ಪಟ್ಟಿಯಿಂದ ಅಳೆದಳು, ಆಮೇಲೆ ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತಳು.

"ಬಾಯಾರ, ಬೆನ್ನಾಗಿನ ಒಂದು ಮಣಿ ಅಪ್ಪಚ್ಚಿ ಆಗ್ಯದ. ನೀವು ಎರಡು ಇಂಚು ಕಮ್ಮಿ ಆಗೀರಿ."

"ಯಾರು? ನಾನ? ನನ್ನ ಸರ್ವಿಸ್ ಬುಕ್ ತರಿಸಿ ನೋಡು. ಅದರಾಗ ನನ್ನ ಎತ್ತರ ಬರದಾರ, ಸರ್ಕಾರದ ಸಿಕ್ಕಾ ಬಿದ್ದದ. ನಿನ್ನ ಬಟ್ಟಿ ಅಳಿಯೋ ಪಟ್ಟಿ ಸರ್ಕಾರಕ್ಕಿಂತ ದೊಡ್ಡದೇನು?"

"ಸರ್ಕಾರ ಅಳದಾಗ ನಿಮಗ ಮೂವತ್ಮೂರು ವಯಸ್ಸರಿ. ಈಗ ಐವತ್ತಾರು." ಅತೀಯಾ ಕುರ್ಚಿ ಹತ್ತಿರಕ್ಕೆ ಎಳೆದಳು. "ಎಲುಬು ಅಂದ್ರ ಮನಿ ಇದ್ದಂಗ ಬಾಯಾರ. ದಿನಾ ಕೆಡವೋರು ಇರ್ತಾರ, ಕಟ್ಟೋ ಗೌಂಡಿಗಳೂ ಇರ್ತಾರ. ಈ ಸ್ಟಿರಾಯ್ಡ್ ಏನ್ ಮಾಡ್ಯದ ಅಂದ್ರ, ಗೌಂಡಿಗಳಿಗಿ ಸೂಟಿ ಕೊಟ್ಟದ. ಕೆಡವೋರು ಮಾತ್ರ ವೇಳ್ಯಾಕ್ಕ ಸರಿಯಾಗಿ ಬರ್ಲಿಕತ್ತಾರ. ಎಲುಬಿಗಿ ಒಂದು ಗುಳಿಗಿ ಅದ, ವಾರಕ್ಕೊಮ್ಮಿ. ಅದು ಆ ಕೆಡವೋರ ಕೈ ಕಟ್ಟಿ ಹಾಕ್ತದ."

"ಅದೆಲ್ಲ ಯಾಕ? ಸ್ಟಿರಾಯ್ಡೇ ಬಿಟ್ಟುಬಿಡ್ತೀನಿ."

"ಬಿಟ್ಟೀರಿ ಮತ್ತ! ಒಮ್ಮಿಗಿಲೆ ಬಿಟ್ರ ಜೀವಕ್ಕೇ ಧೋಕಾ ಅದ. ಕಮ್ಮಿ ಮಾಡೋದು ನನಗ ಬಿಡ್ರಿ, ಮೆಲ್ಲಕ ಮಾಡ್ತೀನಿ."

ಆಗ ಅನಸೂಯಾಬಾಯಿ ತಮ್ಮ ಬ್ರಹ್ಮಾಸ್ತ್ರ ತೆಗೆದರು. "ನೋಡು ಅತೀಯಾ. ನಾ ಹುಟ್ಟಿದ್ದು ಚಿತ್ತಾಪುರದಾಗ, ಕೊಟ್ಟಿದ್ದು ಸೇಡಂಗ. ಇಲ್ಲಿ ನೆಲದಾಗ ಸುಣ್ಣ, ಬಾವಿ ನೀರಾಗ ಸುಣ್ಣ. ನಮ್ಮ ಹಂಡೆದೊಳಗ ಬೆರಳ ದಪ್ಪ ಸುಣ್ಣ ಕಟ್ಟತದ. ಅದರ ಮ್ಯಾಲ ಇಪ್ಪತ್ಮೂರು ವರ್ಷ ಚಾಕ್‌ಪೀಸಿನ ಪುಡಿ ತಿಂದೀನಿ. ದೇಶಕ್ಕೆಲ್ಲ ಸಿಮೆಂಟ್ ಕಳಿಸೋ ಊರಾಗಿದ್ದು ನನ್ನ ಎಲುಬು ಪೊಳ್ಳ ಅಂತೀಯಲ್ಲ, ಯಾರರೆ ಕೇಳಿದ್ರ ನಗಂಗಿಲ್ಲೇನು?"

"ಸುಣ್ಣದ ರಾಶಿ ಬಾಗಲ ಮುಂದ ಬಿದ್ರ ಗೋಡಿ ತಾನ ಏಳ್ತದೇನ್ರಿ?" ಎಂದಳು ಶಿಷ್ಯೆ. "ಸುಣ್ಣದ ಗುಳಿಗಿನೂ ಬ್ಯಾರೆ ಕೊಡ್ತೀನಿ. ಇನ್ನೊಂದು ಮಾತು. ಈ ವಾರದ ಗುಳಿಗಿ ಗಂಟಲಾಗ ನಿಂತ್ರ ಸುಡ್ತದ. ಭಾಳ ಅಪರೂಪಕ್ಕ ದವಡಿ ಎಲುಬಿಗಿ ತ್ರಾಸು ಆಗ್ತದಂತ ಈಚೀಗಿ ಹೇಳ್ಲಿಕತ್ತಾರ, ಅದಕ್ಕ ನಿಮ್ಮ ಹುಳುಕ ಹಲ್ಲು ಮೊದಲ ತೆಗಿಸ್ರಿ. ಇಷ್ಟೆಲ್ಲ ಕೇಳಿ, ಬ್ಯಾಡ ಅಂದ್ರ ಬ್ಯಾಡ. ದೇಹ ನಿಮ್ಮದು. ಆದ್ರ ಬಸ್ಸಿನ್ಯಾಗ ಒಮ್ಮಿ ಬಿದ್ದು ತೊಡಿ ಎಲುಬು ಮುರೀತಂದ್ರ, ಆಮ್ಯಾಲ ಕುರಕುಂಟಾ ಕನಸಿನ್ಯಾಗೇ ನೋಡಬೇಕು."

ಕೊನೆಯ ಮಾತು ಬಾಯಾರಿಗೆ ತಾಗಿತು. ಆದರೆ ತಾಗಿದ್ದನ್ನು ತೋರಿಸಿದರೆ ಅವರು ಅನಸೂಯಾಬಾಯಿ ಹೇಗಾದಾರು? "ಕೊಡು, ಅದರ ಪರಾಕ್ರಮನೂ ನೋಡ್ತೀನಿ" ಎಂದರು. ಅತೀಯಾ ಬೆರಳು ಮಡಿಸಿ ಹೇಳಿಕೊಟ್ಟಳು: ವಾರಕ್ಕೊಮ್ಮೆ, ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ನೀರಿನ ಜೊತೆ. ಅದಾದ ಮೇಲೆ ಅರ್ಧ ತಾಸು ಮಲಗಬಾರದು, ಬಾಗಬಾರದು, ಏನೂ ತಿನ್ನಬಾರದು. ಇಪ್ಪತ್ಮೂರು ವರ್ಷ ಶಿಷ್ಯರು ಗಮನ ಕೊಡುವುದಿಲ್ಲ ಎಂದು ಬೈದ ಗುರುಗಳು ಅವತ್ತು ಕಿಟಕಿಯ ಆಚೆ ನೋಡುತ್ತಿದ್ದರು.

ಹಲ್ಲು ಹೋಯಿತು, ವಸಡು ಮಾಯಿತು, ಒಂದು ಗುರುವಾರ ಯುದ್ಧದ ದಿನ ಗೊತ್ತಾಯಿತು. ಅನಸೂಯಾಬಾಯಿ ಸ್ನಾನ ಮಾಡಿ ಮಡಿ ಉಟ್ಟರು. ವಿಠ್ಠಲರಾಯರ ಪೂಜೆ ಮುಗಿಯುವವರೆಗೆ ಕಾದರು. ಐವತ್ತು ವರ್ಷದಿಂದ ಆ ಬಾಯಿಗೆ ದಿನದ ಮೊದಲ ಹನಿ ಎಂದರೆ ತೀರ್ಥ, ಅದಕ್ಕಿಂತ ಮೊದಲು ನೀರಿಲ್ಲ, ಚಹಾ ಇಲ್ಲ. ಖಾಲಿ ಹೊಟ್ಟೆ, ಮೇಲೆ ನೀರು ಎಂದರೆ ಅವರ ಲೆಕ್ಕದಲ್ಲಿ ತೀರ್ಥವಲ್ಲದೆ ಬೇರೇನು? ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ಕೈ ಚಾಚಿದರು. ವಿಠ್ಠಲರಾಯರು ಉದ್ಧರಣೆಯಿಂದ ಮೂರು ಸಲ ತೀರ್ಥ ಹಾಕಿದರು, ಬಾಯಾರು ನುಂಗಿದರು, ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿ ದೇವರಿಗೆ ನಮಸ್ಕಾರ ಮಾಡಿದರು.

ಹನುಮಂತ ಲಂಕೆ ಸುಡಲು ಬಾಲಕ್ಕೆ ಎಷ್ಟೋ ಬಟ್ಟೆ ಸುತ್ತಿಸಿಕೊಳ್ಳಬೇಕಾಯಿತು. ಈ ಗುಳಿಗೆಗೆ ಅಷ್ಟೂ ಬೇಕಾಗಲಿಲ್ಲ. ಮಧ್ಯಾಹ್ನದೊಳಗೆ ಎದೆಯಲ್ಲಿ ಬೆಂಕಿ. ಎರಡು ದಿನ ಮಜ್ಜಿಗೆ ಅನ್ನವೂ ಇಳಿಯಲಿಲ್ಲ.

"ಮುಗೀತು" ಎಂದು ಅನಸೂಯಾಬಾಯಿ ಘೋಷಿಸಿದರು. "ನಾ ಹೇಳಿದ್ದೇ ಖರೆ. ಇನ್ನ ಈ ವಿಷ ನನ್ನ ಹೊಸ್ತಿಲಾ ದಾಟಂಗಿಲ್ಲ."

ಈ ವಿಜಯದ ಸುದ್ದಿ ಕೇಳಿ ಅತಿಯಾಗಿ ಸಂತೋಷಪಟ್ಟವರು ಚಿತ್ತಾಪುರದ ವೃಂದಾ, ವಿಠ್ಠಲರಾಯರ ತಂಗಿ. ಮರುದಿನವೇ ಬಂದಿಳಿದರು, ಕಂಕುಳಲ್ಲಿ ಒಂದು ದಿಂಬು ಇಟ್ಟುಕೊಂಡು. ಅದು ಅತ್ತಿಗೆಗೆ ತಂದ ಉಡುಗೊರೆ.

"ಛಲೋ ಮಾಡಿದಿ ವೈನಿ. ಗುಳಿಗಿನೂ ಬ್ಯಾಡ, ಆ ಬಸ್ಸೂ ಬ್ಯಾಡ. ಮೆತ್ತಗ ದಿಂಬಿಗಿ ಆನಿಕೊಂಡು ಮನ್ಯಾಗ ಕುಂದ್ರು. ಕೂತವರ ಎಲುಬು ಎಲ್ಲಿ ಮುರೀತದ?"

ವಿಠ್ಠಲರಾಯರು ಕನ್ನಡಕ ಸರಿ ಮಾಡಿಕೊಂಡು, "ನಾನೂ ಅದನ್ನೇ ಅಂದೆ. ಇನ್ನೆರಡು ವರ್ಷದ ನೌಕರಿ. ಸ್ವಯಂ ನಿವೃತ್ತಿ ಅರ್ಜಿ ಬರದಿಟ್ಟೀನಿ, ಸಹಿ ಅಷ್ಟ ಬಾಕಿ" ಎಂದರು. ಅಂಚೆಯವರ ಅಕ್ಷರ, ಮುತ್ತು ಪೋಣಿಸಿದ ಹಾಗಿತ್ತು.

ಅನಸೂಯಾಬಾಯಿ ದಿಂಬನ್ನು ನೋಡಿದರು, ಅರ್ಜಿಯನ್ನು ನೋಡಿದರು. ಒಂದು ಗುಳಿಗೆಯನ್ನು ಸೋಲಿಸಿದ ಸಂಭ್ರಮದಲ್ಲಿ ತಾವು ದಿಂಬಿಗೆ ಶರಣಾಗುವ ಹಾದಿ ಹಿಡಿದದ್ದು ಆಗ ಅವರಿಗೆ ಹೊಳೆಯಿತು. ಮುರಿದು ಕೂತರೂ ಕೂತದ್ದೇ, ಮುರಿಯುವ ಅಂಜಿಕೆಗೆ ಕೂತರೂ ಕೂತದ್ದೇ. ಕುರಕುಂಟಾದ ಬಸ್ಸು ಎರಡರಲ್ಲೂ ಬಿಟ್ಟು ಹೋಗುತ್ತದೆ.

"ವೃಂದಾ, ಆ ದಿಂಬು ನಿನ್ನ ಬೆನ್ನಿಗಿ ಇಟ್ಕೊ. ಚಿತ್ತಾಪುರದ ರಸ್ತಾ ಭಾಳ ಕೆಟ್ಟದ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ನೇರ ದವಾಖಾನೆಗೆ ಹೋದರು, ಜಗಳಕ್ಕೆ.

"ನಿನ್ನ ಗುಳಿಗಿ ನನ್ನ ಎದಿ ಸುಟ್ಟದ."

ಅತೀಯಾ ಗಾಬರಿಯಾಗಿ ಎದ್ದಳು. ಗಂಟಲು ನೋಡಿದಳು, ಹೊಟ್ಟೆ ಒತ್ತಿದಳು. ಆಮೇಲೆ ಪಾಟೀಸವಾಲು ಶುರುವಾಯಿತು.

"ಎಷ್ಟು ನೀರು ಕುಡದ್ರಿ?"

"ತೀರ್ಥ ತೊಗೊಂಡೆ."

"ಎಷ್ಟು?"

"ಮೂರು ಉದ್ಧರಣಿ."

"ಉದ್ಧರಣಿ ಅಂದ್ರ ಎಷ್ಟ ದೊಡ್ಡದರಿ?"

ಬಾಯಾರು ಹೆಬ್ಬೆರಳಿನ ತುದಿ ತೋರಿಸಿದರು.

"ಆಮ್ಯಾಲ?"

"ನಮಸ್ಕಾರ ಮಾಡಿದೆ."

"ಹಣಿ ನೆಲಕ್ಕ ಹಚ್ಚಿ?"

"ಮತ್ತ ಛತ್ತಿಗಿ ಹಚ್ಚಿ ಮಾಡ್ತಾರೇನು?"

ಅತೀಯಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ನಕ್ಕರೆ ಈಗಲೂ ಕಿವಿ ಹಿಂಡಿಸಿಕೊಳ್ಳುವ ಭಯ. "ತಪ್ಪು ನಂದೂ ಅದರಿ. ಎಷ್ಟು ನೀರು ಅಂತ ಬಿಡಿಸಿ ಹೇಳಬೇಕಿತ್ತು. ತುಂಬಿದ ಗ್ಲಾಸು ಬೇಕು ಬಾಯಾರ, ಗಂಟಲಿಂದ ತೊಳಕೊಂಡು ಹೊಟ್ಟಿಗಿ ಹೋಗ್ಬೇಕು. ಅದೂ ಸೋಸಿದ ನೀರು. ನಿಮ್ಮ ಬಾವಿ ನೀರಾಗಿನ ಸುಣ್ಣ ಇರ್ತದಲ್ಲ, ಅದು ಈ ಗುಳಿಗಿಗೇ ಅಂಟಿಕೊಂಡು ಎಲುಬಿಗಿ ಮುಟ್ಟಗೊಡಂಗಿಲ್ಲ."

ಇಡೀ ಸೀಮೆಯ ಸುಣ್ಣ ಒಮ್ಮೆಲೇ ಪಕ್ಷಾಂತರ ಮಾಡಿ ಶತ್ರುವಿನ ಕಡೆ ಸೇರಿತು.

"ಹದಿನೈದು ದಿನ ಗಂಟಲು ಸುಧಾರಿಸ್ಲಿ" ಎಂದಳು ಅತೀಯಾ. "ಆಮ್ಯಾಲ ಬೇಕಂದ್ರ ತೊಗೋರಿ. ನುಂಗಲಿಕ್ಕೆ ಮತ್ತ ತ್ರಾಸಾದ್ರ ನಿಲ್ಲಿಸಿ ನನ್ನ ಕಡಿ ಬರ್ರಿ. ಆದ್ರ ತೀರ್ಥ ಅರ್ಧ ತಾಸು ಆದಮ್ಯಾಲೇ."

ಕಷ್ಟ ಇದ್ದದ್ದು ಅಲ್ಲೇ. ಮನೆಯಲ್ಲಿ ವಿಠ್ಠಲರಾಯರು ಹೌಹಾರಿದರು. "ತೀರ್ಥಕ್ಕಿಂತ ಮೊದಲ ಗ್ಲಾಸು ತುಂಬ ನೀರು? ಐವತ್ತು ವರ್ಷದ ನೇಮ!"

"ದೇವರು ಶಾಲಗ್ರಾಮದಾಗ ಯುಗಯುಗ ಕುಂತಾನ. ವಾರದಾಗ ಒಂದು ದಿನ ಅರ್ಧ ತಾಸು ಕಾಯಲಿಕ್ಕೆ ಅವನಿಗೇನು ಧಾಡಿ?"

"ಅವ ಕಾದಾನು. ವೃಂದಾ ಕಾಯಂಗಿಲ್ಲ. ಇಡೀ ಚಿತ್ತಾಪುರಕ್ಕ ಹೇಳ್ತಾಳ."

"ಹೇಳ್ಲಿ. ನಾ ನಿಂತಾಕಿ, ನಿಂತೇ ರಿಟೈರ್ ಆಗಾಕಿ. ಅದನ್ನೂ ಕೂಡಿಸಿ ಹೇಳು ಅನ್ರಿ."

ಹೀಗೆಂದು ಮುತ್ತಿನಂಥ ಅಕ್ಷರದ ನಿವೃತ್ತಿ ಅರ್ಜಿಯನ್ನು ಬೋರಲು ಹಾಕಿ, ಅದರ ಬೆನ್ನಿಗೆ ಗುರುವಾರದ ವೇಳಾಪಟ್ಟಿ ಬರೆದರು. ಅರ್ಧ ತಾಸು ನೆಟ್ಟಗೆ ಇರಬೇಕು. ಮನೆಯಲ್ಲಿದ್ದರೆ ಒಲೆ, ಕಸಬರಿಗೆ, ರಂಗೋಲಿ, ಎಲ್ಲವೂ ಬಾಗಿಸುವವೇ. ಜಗತ್ತಿನಲ್ಲಿ ಅವರು ಅರ್ಧ ತಾಸು ಬಾಗದೆ ನಿಲ್ಲುವ ಜಾಗ ಒಂದೇ ಒಂದು, ಸೇಡಂನಿಂದ ಕುರಕುಂಟಾದವರೆಗಿನ ಬಸ್ಸು.

ಹದಿನೈದು ದಿನ ಕಳೆದ ಮೇಲಿನ ಗುರುವಾರ ಬಸ್‌ಸ್ಟ್ಯಾಂಡಿನಲ್ಲಿ ಅನಸೂಯಾಬಾಯಿ ಚೀಲದಿಂದ ಸ್ಟೀಲಿನ ಗ್ಲಾಸು ತೆಗೆದರು. ಸೋಸಿದ ನೀರು ತುಂಬ ಹಾಕಿದರು, ಗುಳಿಗೆಯನ್ನು ಬಾಯಿಗೆ ಎಸೆದುಕೊಂಡು ಕೊನೆಯ ಹನಿಯವರೆಗೆ ಕುಡಿದರು. ತೀರ್ಥದ ಪುಟ್ಟ ಬಾಟಲಿ ಚೀಲದಲ್ಲಿ ಸರದಿ ಕಾಯುತ್ತಿತ್ತು. ಬಸ್ಸು ಹತ್ತಿ ತಮ್ಮ ಜಾಗದಲ್ಲಿ ನಿಂತರು. ಬಸ್ಸು ಹೊರಟಿತು. ಎದೆಯಲ್ಲಿ ಉರಿ ಇಲ್ಲ. ಊರು ದಾಟಿತು. ಇಲ್ಲ. ಎಮ್ಮೆಯ ತಿರುವು ದಾಟಿತು. ಆಗಲೂ ಇಲ್ಲ.

ಮಶಾಕನ ಮೀಸೆ ಈಗ ಬೆಳ್ಳಗಾಗಿತ್ತು. ಅವನು ಮಂದಿಯ ನಡುವೆ ದಾರಿ ಮಾಡಿಕೊಂಡು ಬಂದು ಒಬ್ಬನನ್ನು ಎಬ್ಬಿಸಿದ. "ಇಲ್ಲಿ ಕುಂದ್ರಿ ಬಾಯಾರ. ಡಾಕ್ಟರ್ ಅತೀಯಾ ನನಗ ತಾಕೀತು ಮಾಡ್ಯಾರ, ನಿಮ್ಮ ಎಲುಬು ನಾಜೂಕು ಅಂತ."

"ಎಲುಬಿಗಿ ಗುಳಿಗಿ ಹಾಕೀನಿ. ಇನ್ನ ಕುಂದ್ರಲಿಕ್ಕೆ ಹೇಳಿದವರು ತಮ್ಮ ಎಲುಬು ನೋಡ್ಕೋಬೇಕು."

ಬಸ್ಸೆಲ್ಲ ನಕ್ಕಿತು. ಮಶಾಕ ಮಾತ್ರ ನಗಲಿಲ್ಲ. ಕೈ ಜೋಡಿಸಿ ನಿಂತ. "ಹಂಗಾರ ಒಂದು ಮಾತು ಹೇಳ್ರಿ. ಇಷ್ಟು ವರ್ಷ ಕೇಳಲಿಕ್ಕೆ ಧೈರ್ಯ ಆಗಿಲ್ಲ. ಯಾವ ವ್ರತರಿ ಇದು, ಯಾವ ದೇವರ ವರ? ಒಂದು ದಿನಾನೂ ನೀವು ಈ ರಾಡ್ ಯಾಕ ಹಿಡೀಲಿಲ್ಲ?"

ಕೂತವರೆಲ್ಲ ಕತ್ತು ಈ ಕಡೆ ತಿರುಗಿಸಿದರು. ಡ್ರೈವರು ಸಹ ಕನ್ನಡಿಯಲ್ಲಿ ಹಿಂದೆ ನೋಡಿದ.

ಅನಸೂಯಾಬಾಯಿ ಕತ್ತೆತ್ತಿ ಆ ರಾಡನ್ನು ನೋಡಿದರು.

"ನಿಲುಕಂಗಿಲ್ಲೋ ಮಶಾಕ. ಹೋದ ಎರಡು ಇಂಚು ಇದ್ದಾಗೂ ನಿಲುಕ್ತಿದ್ದಿಲ್ಲ."