ಹುಮನಾಬಾದಿನಲ್ಲಿ ಪುಲ್ ಥ್ರೂ

ಹುಮನಾಬಾದಿಗೆ ಬಂದ ಮರುದಿನ ಮಧ್ಯಾಹ್ನ ಊಟ ಮುಗಿಸಿ, ಬೀದಿಬಾಗಿಲು ಹಾಕಿ, ಚಿಲಕ ಸರಿಸಿ ಮಲಗಿದೆ. ಮೈಸೂರಿನಲ್ಲಿ ಜೀವಮಾನವಿಡೀ ಮಾಡಿದ್ದು ಅದನ್ನೇ. ಕಣ್ಣು ಹತ್ತುವಷ್ಟರಲ್ಲಿ ಬಾಗಿಲು ದಬದಬ ಬಡಿದ ಸದ್ದು. ತೆರೆದರೆ ಓಣಿಯ ಅರ್ಧ ಜನ ಅಲ್ಲಿದ್ದಾರೆ. ಮುಂದೆ ನಿಂತ ಹೆಂಗಸು ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಟೀಚರ್ ಹೋದ್ರೇನ್ರಿ?" ಎಂದಳು.

ಟೀಚರ್ ಎಂದರೆ ನನ್ನ ತಂಗಿ ಸುಗುಣ. ಒಳಕೋಣೆಯಿಂದ ಅವಳ ಗೊರಕೆ ಎಲ್ಲರಿಗೂ ಕೇಳಿಸುತ್ತಿತ್ತು. ಈ ಓಣಿಯಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ; ಮನೆಯಲ್ಲಿ ಜನವಿದ್ದೂ ಹಾಕಿದೆ ಎಂದರೆ ಒಳಗೆ ಆಗಬಾರದ್ದು ಏನೋ ಆಗಿದೆ ಎಂದೇ ಅರ್ಥ. ಇದನ್ನು ನನಗೆ ಮೊದಲೇ ಹೇಳುವ ಮ್ಯಾನರ್ಸ್ ಯಾರಿಗೂ ಇರಲಿಲ್ಲ. ಬಂದವರು ಸುಮ್ಮನೆ ವಾಪಸು ಹೋದರೇ? ಅದೂ ಇಲ್ಲ. ಟೀಚರ್ ಬದುಕಿದ್ದಾರೆಂಬ ಸಂತೋಷಕ್ಕೆ ಒಳಗೆ ಬಂದು ಕೂತರು. ಚಹಾ ಮಾಡಿಕೊಟ್ಟೆ. ಸಕ್ಕರೆ ಕಡಿಮೆಯಾಯಿತಂತೆ.

ಸುಗುಣ ಚಿಕ್ಕ ವಯಸ್ಸಿನಲ್ಲಿ ಇಲ್ಲಿಯ ಶಾಲೆಗೆ ಕೆಲಸಕ್ಕೆಂದು ಬಂದವಳು. ಮದುವೆಯಾಗಲಿಲ್ಲ, ನಿವೃತ್ತಿಯಾದ ಮೇಲೂ ಮೈಸೂರಿನ ಕಡೆ ತಿರುಗಲಿಲ್ಲ. ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದ ನಾನು ಪೆಟ್ಟಿಗೆ ಕಟ್ಟಿಕೊಂಡು ಹೊರಟುಬಂದೆ. ನನ್ನ ಪ್ಲಾನ್ ಸಿಂಪಲ್: ಅವಳು ನಡೆಯುವಂತಾದ ಕೂಡಲೇ ಮೈಸೂರಿಗೆ ಕರೆದುಕೊಂಡು ಹೋಗುವುದು. ಮುದುಕಿಯರಿಬ್ಬರೂ ಒಂದೇ ಸೂರಿನಡಿ ಇದ್ದುಬಿಡುವುದು.

"ವಿ ವಿಲ್ ಪುಲ್ ಥ್ರೂ, ಸುಗುಣ" ಎಂದು ಬಂದ ದಿನವೇ ಹೇಳಿದ್ದೆ.

ನಮ್ಮ ಕಾನ್ವೆಂಟ್ ಹಾಸ್ಟೆಲಿನಲ್ಲಿ ಜ್ವರ ಬಂದರೂ, ಲೆಕ್ಕದಲ್ಲಿ ಫೇಲಾದರೂ, ಮನೆಯಿಂದ ಕೆಟ್ಟ ಸುದ್ದಿ ಬಂದರೂ ಸಿಸ್ಟರ್ ಹೇಳುತ್ತಿದ್ದ ಮಾತು ಅದೊಂದೇ. ಹಲ್ಲು ಕಚ್ಚಿಕೋ, ಯಾರ ಮುಂದೆಯೂ ಅಳಬೇಡ, ಯು ವಿಲ್ ಪುಲ್ ಥ್ರೂ. ಗಂಡ ಹೋದ ವರ್ಷವನ್ನು ನಾನು ದಾಟಿದ್ದೂ ಹಾಗೆಯೇ, ಬಾಗಿಲು ಹಾಕಿಕೊಂಡು.

ಇಲ್ಲಿ ಬಾಗಿಲನ್ನೇ ಹಾಕುವಂತಿಲ್ಲವಲ್ಲ. ನಳದ ನೀರು ಯಾವ ದಿನ ಬರುತ್ತದೆಂದು ಕೇಳಿದರೆ "ಬಂದಾಗ ಬರ್ತದ್ರಿ" ಎನ್ನುತ್ತಾರೆ. ಎರಡು ಹೊತ್ತೂ ಅನ್ನ ಸಾರು ಸಾಕೆಂದರೆ ರೋಗಿ ಸುಗುಣಳೋ ನಾನೋ ಎಂಬಂತೆ ನೋಡುತ್ತಾರೆ. ನನ್ನ ಕನ್ನಡ ಕೇಳಿ "ಸಿನಿಮಾದಾಗ ಮಾತಾಡಿದಂಗ ಅದ" ಎಂದು ಮೆಚ್ಚಿಕೊಳ್ಳುತ್ತಾರೆ, ಹೇಳಿದ್ದನ್ನು ಮಾತ್ರ ಒಂದೂ ಕೇಳುವುದಿಲ್ಲ.

ಇವರಲ್ಲೆಲ್ಲ ನನ್ನ ಪೇಶನ್ಸ್ ಹೆಚ್ಚು ಪರೀಕ್ಷಿಸಿದವಳು ಕಾಶಿಬಾಯಿ, ಅಂದು ಸೆರಗು ಒತ್ತಿಕೊಂಡು ನಿಂತಿದ್ದವಳು. ಎದುರುಮನೆ, ಎಮ್ಮೆ ಕಟ್ಟಿ ಹಾಲು ಮಾರುತ್ತಾಳೆ. ಸುಗುಣಳಿಗೆ ನಡೆಯುವ ಅಭ್ಯಾಸ ಮಾಡಿಸಲು ನಾನು ವಾಕರ್ ತಂದಿಡುವ ಹೊತ್ತಿಗೆ ಸರಿಯಾಗಿ ಬಂದು ಮಂಚದ ತುದಿಗೆ ಕೂತುಬಿಡುವಳು. ಬಸವಕಲ್ಯಾಣದ ಎಲುಬಿನ ಡಾಕ್ಟರು ಮೂಳೆ ಕೂಡಿದೆ, ಇನ್ನು ನಡೆಯಲೇಬೇಕು, ಉಳಿದದ್ದು ಹೆದರಿಕೆ ಮಾತ್ರ ಎಂದಿದ್ದರು. ಸುಗುಣ ವಾಕರನ್ನು ಮುಟ್ಟುತ್ತಲೇ ಇರಲಿಲ್ಲ.

"ಪುಲ್ ಥ್ರೂ, ಸುಗುಣ, ಕಮಾನ್" ಎಂದು ನಾನು ಗಂಟಲು ಹರಿದುಕೊಳ್ಳುತ್ತಿದ್ದೆ.

"ಹಂಗಂದ್ರ ಏನ್ರಿ ಅಕ್ಕಾರ? ದಿನಾ ಅದನ್ನೇ ಅನ್ನಾಕತ್ತೀರಿ" ಎಂದಳು ಒಂದು ದಿನ ಕಾಶಿಬಾಯಿ.

ವಿವರಿಸಿದೆ. ಕಷ್ಟ ಬಂದಾಗ ಕೈಚೆಲ್ಲದೆ, ಗಟ್ಟಿಯಾಗಿ ನಿಂತು, ದಾಟಿ ಆಚೆ ಬರುವುದು.

ಅವಳು ಕೂತಲ್ಲಿಂದಲೇ ನನ್ನತ್ತ ತಿರುಗಿದಳು. "ಒಬ್ರೇ?"

"ಹೌದು, ಒಬ್ಬರೇ. ಅದೇ ದೊಡ್ಡತನ."

"ಒಬ್ರೇ ಯಾಕ್ರಿ? ನಾವೇನ್ ಸತ್ತೀವೇನು?"

ಸುಗುಣ ನಕ್ಕಳು. ನನಗೆ ನಗು ಬರಲಿಲ್ಲ. ವಾರ ಕಳೆಯುವುದರೊಳಗೆ ಓಣಿಯಲ್ಲಿ ನನಗೆ ಪುಲ್ ಥ್ರೂ ಅಕ್ಕಾರು ಎಂದೇ ಹೆಸರಾಯಿತು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಮೈಸೂರಿನವರಿಗೆ ಇದು ತಿಳಿಯದು. ಆ ದಿನ ಇಲ್ಲಿ ಪೇಟೆಗೆ ಪೇಟೆಯೇ ಖಾಲಿ. ಹೊಲವಿದ್ದವರು ತಮ್ಮ ಹೊಲಕ್ಕೆ, ಇಲ್ಲದವರು ಕರೆದವರ ಹೊಲಕ್ಕೆ ಬುತ್ತಿ ಹೊತ್ತು ಹೋಗುತ್ತಾರೆ. ಬುತ್ತಿಯಲ್ಲಿ ಭಜ್ಜಿ ಇರಲೇಬೇಕು. ಅದು ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿಕಾಳು, ಸೊಪ್ಪು, ಸಿಕ್ಕ ತರಕಾರಿಯನ್ನೆಲ್ಲ ಕಡಲೆಹಿಟ್ಟು ಹಾಕಿ ಕುದಿಸಿದ ಗಟ್ಟಿ ಪಲ್ಯ.

ಹಿಂದಿನ ದಿನ ಕಾಶಿಬಾಯಿ ಬುಟ್ಟಿ ತಂದು ಸುಗುಣಳ ಮಡಿಲಿಗೆ ಹಸಿ ತೊಗರಿಕಾಯಿ ಸುರಿದಳು. "ಟೀಚರ್, ಕಾಳು ಬಿಡಿಸ್ರಿ. ನಾಳಿ ದುಬಲಗುಂಡಿಗೆ, ನಮ್ಮ ತಮ್ಮನ ಹೊಲಕ್ಕ ಹೋಗೋದದ."

"ಮಂಚದಿಂದಲೇ ಇಳಿಯದವಳು ಹೊಲಕ್ಕೆ ಹೇಗೆ ಬರುತ್ತಾಳೆ? ಬಿ ಪ್ರಾಕ್ಟಿಕಲ್" ಎಂದೆ.

"ಟಂಟಂ ಹೇಳೀನ್ರಿ."

ಟಂಟಂ ಎಂದರೆ ಜನ ತುಂಬಿಕೊಂಡು ಓಡುವ ದೊಡ್ಡ ಆಟೋ. ನಾನು ಕೇಳಿದ್ದು ಅದನ್ನಲ್ಲ.

ಮರುದಿನ ನನ್ನ ಮಾತಿಗೆ ಬೆಲೆ ಕೊಡದೆ ಸುಗುಣಳನ್ನು ಎತ್ತಿ ಅದರಲ್ಲಿ ಕೂರಿಸಿದರು. ಯಾರೂ ಕೇಳದಿದ್ದರೂ ವಾಕರ್ ಹಿಡಿದುಕೊಂಡು ನಾನೂ ಹತ್ತಿದೆ. ಟಂಟಂ ನಿಂತ ಜಾಗದಿಂದ ಸ್ವಲ್ಪ ದೂರದಲ್ಲಿ ಜೋಳದ ದಂಟಿನ ಪುಟ್ಟ ಕೊಂಪೆ ಕಟ್ಟಿದ್ದರು. ಅದರೊಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡುತ್ತಾರೆ. ನಾನು ವಾಕರನ್ನು ಎರೆಮಣ್ಣಿನ ಮೇಲಿಟ್ಟೆ. ನಾಲ್ಕೂ ಕಾಲು ಹೂತುಕೊಂಡವು. ಅದನ್ನು ಕೀಳುತ್ತಿರುವಾಗ ತಲೆಯೆತ್ತಿ ನೋಡಿದರೆ ಸುಗುಣ ಒಂದು ಕೈ ಕಾಶಿಬಾಯಿಯ ಹೆಗಲಿಗೆ, ಇನ್ನೊಂದು ಅವಳ ತಮ್ಮನ ಹೆಂಡತಿಯ ಹೆಗಲಿಗೆ ಹಾಕಿ ಹೊರಟೇಬಿಟ್ಟಿದ್ದಳು. ತಿಂಗಳುಗಟ್ಟಲೆ ನಾನು ಬೇಡಿಕೊಂಡರೂ ನೆಲಕ್ಕೂರದ ಕಾಲು ಸಾಲುಗಳ ನಡುವೆ ತಡವರಿಸುತ್ತ ಮುಂದೆ ಹೋಗುತ್ತಿತ್ತು.

"ನಿಧಾನ, ಕೇರ್‌ಫುಲ್" ಎಂದು ಕೂಗುತ್ತ ವಾಕರ್ ಎತ್ತಿಕೊಂಡು ಹಿಂದೆ ಓಡಿದೆ.

"ಆ ಗಾಡಿ ಅಲ್ಲೇ ಬಿಟ್ಟ ಬರ್ರಿ ಅಕ್ಕಾರ, ಯಾರೂ ಕದಿಯಂಗಿಲ್ಲ" ಎಂದಳು ಕಾಶಿಬಾಯಿ, ಹಿಂದಿರುಗಿಯೂ ನೋಡದೆ.

ಕೊಂಪೆಯ ಮುಂದೆ ಕೂತು ಸುಗುಣ ಅತ್ತಳು. ಎಲ್ಲರೆದುರು, ಭಜ್ಜಿ ತಿನ್ನುತ್ತಲೇ. ಅವಳೂ ನಾನು ಓದಿದ ಕಾನ್ವೆಂಟಿನಲ್ಲೇ ಓದಿದವಳು. ಯಾರೂ ಅಳಬೇಡ ಎನ್ನಲಿಲ್ಲ. ತಟ್ಟೆಗೆ ಇನ್ನಷ್ಟು ಬಡಿಸಿದರು.

"ಅಕ್ಕ, ನಾನು ಮೈಸೂರಿಗೆ ಬರಲ್ಲ ಕಣೆ."

"ಈಗ ನಡೀತಿದೀಯಲ್ಲ. ಇಷ್ಟೆಲ್ಲ ಒದ್ದಾಡಿದ್ದು ಅದಕ್ಕೇ ಅಲ್ವಾ?"

"ಅಲ್ಲಿ ಯಾರ ಹೆಗಲ ಮೇಲೆ ಕೈ ಹಾಕಿ ನಡೀಲಿ?"

ನಾನಿಲ್ಲವೇ ಎನ್ನಬೇಕಿತ್ತು. ನನ್ನ ಎರಡೂ ಕೈಯಲ್ಲಿ ಇನ್ನೂ ವಾಕರ್ ಇತ್ತು.

ಹೀಗೆ ಅವಳನ್ನು ಕರೆದೊಯ್ಯಲು ಹೋದವಳು ನಾನೇ ಅಲ್ಲಿ ಉಳಿದೆ. ಇದನ್ನು ಸಂತೋಷದ ಸುದ್ದಿಯೆಂದು ಓದಬೇಡಿ. ನೀರು ಈಗಲೂ ಬಂದಾಗ ಬರುತ್ತದೆ. ಮಧ್ಯಾಹ್ನದ ನಿದ್ದೆಯನ್ನು ನಾನು ಮರೆತೇಬಿಟ್ಟಿದ್ದೇನೆ. ಓಣಿಯವರಿಗೆ ನನ್ನ ಬಿ.ಪಿ. ಮಾತ್ರೆಯ ಬಣ್ಣ ಕೂಡ ಗೊತ್ತು.

ಈಗ ಮನೆ ಗುಡಿಸಿ, ಧೂಳು ತೆಗೆಸಿ ಹೋಗೋಣವೆಂದು ಮೈಸೂರಿಗೆ ಬಂದಿದ್ದೇನೆ. ಎಷ್ಟು ಸದ್ದಿಲ್ಲದ ಬೀದಿ. ಇಂಥದೊಂದು ಮಧ್ಯಾಹ್ನಕ್ಕಾಗಿ ಎಷ್ಟು ಹಲುಬಿದ್ದೆ. ಊಟ ಮುಗಿಸಿ ಮಲಗಿದೆ. ಬಾಗಿಲು ಹಾಕುವುದು ನೆನಪಾಗಲಿಲ್ಲ. ಎದ್ದು ನೋಡಿದರೆ ಪಕ್ಕದ ಮನೆಯವರ ಮೆಸೇಜು: "ಆಂಟಿ, ನಿಮ್ಮ ಡೋರ್ ಓಪನ್ ಇದೆ. ಎನಿ ಪ್ರಾಬ್ಲಮ್?" ಕಾಂಪೌಂಡ್ ಗೋಡೆಯ ಆಚೆಗೇ ಇರುವವರು. ಥ್ಯಾಂಕ್ಸ್ ಎಂದು ಉತ್ತರ ಕಳಿಸಿದೆ. ಬಾಗಿಲು ಹಾಗೇ ಬಿಟ್ಟು ಕುರ್ಚಿ ಎಳೆದುಕೊಂಡು ಕೂತೆ. ಯಾರೂ ಬರಲಿಲ್ಲ.

ಸಂಜೆ ಕಾಶಿಬಾಯಿಯ ಫೋನು. "ಹ್ಯಾಂಗ ಅದೀರಿ ಅಕ್ಕಾರ?"

"ಪುಲ್ ಥ್ರೂ ಮಾಡಾಕತ್ತೇನಿ" ಎಂದೆ, ಅವಳ ಧಾಟಿಯಲ್ಲೇ.

ಆ ಕಡೆ ಎಮ್ಮೆ ಒದರಿದ್ದು ಕೇಳಿಸಿತು.

"ಒಬ್ರೇ?" ಎಂದಳು.