ಡೈರಿ ಕೋಣೆಯೊಳಗಿನ ಮಾತು

ಹಾಲಿನ ಡೈರಿಯ ಕೋಣೆಗೆ ನಮ್ಮಿಬ್ಬರನ್ನೂ ನೂಕಿ ಹೊರಗಿನಿಂದ ಚಿಲಕ ಹಾಕಿದಾಗ, ಇದು ನಿಜವಾಗಿ ನಡೆಯುತ್ತಿದೆ ಅಂತಲೇ ನನಗೆ ಅನ್ನಿಸಲಿಲ್ಲ. ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಉಮ್ಮತ್ತೂರಲ್ಲಿ ಹುಟ್ಟಿ ಬೆಳೆದವಳು ನಾನು. ಹಳ್ಳಿಯ ಜನ ಅಂದರೆ ನಮ್ಮವರೇ ಅಂದುಕೊಂಡಿದ್ದೆ. ತೆರಕಣಾಂಬಿ ಕಡೆಯ ಆ ಊರಲ್ಲಿ ಹಿಂದಿನ ದಿನ ಹುಲಿ ಹಸು ಹಿಡಿದಿತ್ತು. ವಿಚಾರಿಸಲು ಹೋದ ನಮ್ಮ ಮೇಲೆ ಊರೇ ತಿರುಗಿಬಿತ್ತು.

"ನಿಮ್ ಸಾಹೇಬ್ರು ಬರೋಗಂಟ ಇಲ್ಲೇ ಬಿದ್ದಿರಿ," ಅಂದ ಹಸು ಕಳೆದುಕೊಂಡವನು. ನನ್ನ ಜೊತೆಗಿದ್ದ ಹಿರಿಯ ಗಾರ್ಡ್ ಹಾಲಿನ ಕ್ಯಾನಿನ ಮೇಲೆ ಕೂತು, "ಹೆದರಬೇಡಮ್ಮ," ಅಂದರು.

ಸ್ವಲ್ಪ ಹೊತ್ತಿಗೆ ಚಿಲಕ ತೆಗೆದವಳು ಡೈರಿಯ ಸೆಕ್ರೆಟರಿ. ನಡುವಯಸ್ಸಿನ ಹೆಂಗಸು, ಊರಿಗೆಲ್ಲ ಅಕ್ಕ. ಬಿಟ್ಟು ಕಳಿಸುತ್ತಾಳೆ ಅಂದುಕೊಂಡೆ. ಅವಳು ನೆಲಕ್ಕೆ ಜಮಖಾನ ಹಾಸಿ, ಹೊರಗೆ ಕೂಗಾಡುತ್ತಿದ್ದವರನ್ನೇ ಒಳಕ್ಕೆ ಕರೆದಳು. ಹಸುವಿನವನನ್ನು ತಂದು ನನ್ನ ಪಕ್ಕದಲ್ಲೇ ಕೂರಿಸಿದಳು.

"ಬೈಯೋದ ಆಮೇಕೆ ಬೈಯನ," ಅಂದಳು. "ಈಗ ಒಬ್ಬೊಬ್ರೂ ನಿಮ್ ಕಣ್ಣಾರೆ ಕಂಡುದ್ದ ಏಳಿ. ಕೇಳಿದ್ದು ಬ್ಯಾಡ. ಒಬ್ರು ಮಾತಾಡ್ವಾಗ ಇನ್ನೊಬ್ರು ಬಾಯಾಕ್ಬಾರ್ದು."

ಮೊದಲು ಹಸುವಿನವನು. ಹಸು ಬಿದ್ದಿದ್ದ ಜಾಗದಿಂದ ರಕ್ತದ ಗುರುತು ಕಾಡಿನ ಕಡೆಗಲ್ಲ, ಊರ ಕಡೆಗೇ ಬಂದಿತ್ತು ಅಂದ. ಅಲ್ಲಿಯತನಕ ಅವನ ಬಾಯಲ್ಲಿ ಬೈಗುಳ ಬಿಟ್ಟು ಬೇರೇನೂ ಬಂದಿರಲಿಲ್ಲ. ಆಮೇಲೆ ಒಬ್ಬ ಮುದುಕ, ತನ್ನ ನಾಯಿ ಮೊನ್ನೆಯಿಂದ ಮನೆಗೆ ಬಂದಿಲ್ಲ ಅಂದ. ಚೆಂಡು ಹೂ ಬಿಡಿಸಲು ಹೋಗುವ ಹೆಂಗಸೊಬ್ಬಳು, ಬೆಳಿಗ್ಗೆಯಿಂದ ನವಿಲುಗಳು ಒಂದೇ ಕಡೆ ನೋಡಿಕೊಂಡು ಕೂಗುತ್ತಿವೆ ಅಂದಳು.

ಬಾಗಿಲ ಬಳಿ ವಯಸ್ಸಾದ ಒಬ್ಬಾಕೆ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಸೆಕ್ರೆಟರಿ ಅವಳ ಕಡೆ ತಿರುಗಿ ಸುಮ್ಮನೆ ಕಾದಳು. ಯಾರೋ ಕೆಮ್ಮಿದರು. ಅವಳು ಕಾಯುತ್ತಲೇ ಇದ್ದಳು.

"ಬೆಳಿಗ್ಗೆ ಬಾಳೆ ತೋಟದ ಬೇಲಿ ತಾವ್ ಏನೋ ಮಲಗಿತ್ತು ಕಣಮ್ಮಿ," ಅಂದಳು ಆಕೆ ಕೊನೆಗೆ. "ಕರು ಅಂದ್ಕಂಡು ಬಂದ್ಬುಟ್ಟೆ. ಉದ್ದಕ್ಕೆ ಬಾಲ ಇತ್ತು. ಹುಲಿ ಅಂದ್ರೆ ಮುದುಕಿಗೆ ಕಣ್ಣು ಕಾಣಕಿಲ್ಲ ಅಂತ ನಗ್ತೀರಿ."

"ಯಾವ ತ್ವಾಟ?"

"ಅಂಗನವಾಡಿ ಇಂದ್ಲುದ್ದು."

ಅಂಗನವಾಡಿಯಲ್ಲಿ ಆಗ ಮಕ್ಕಳಿದ್ದರು. ಹಿಂದಿನ ಆ ತೋಟಕ್ಕೂ ಅವರು ಆಡುವ ಅಂಗಳಕ್ಕೂ ನಡುವೆ ಇದ್ದದ್ದು ಒಂದು ತಂತಿ ಬೇಲಿ ಮಾತ್ರ.

ಗಂಡಸರು ದಡಬಡನೆ ಎದ್ದರು. ಸೆಕ್ರೆಟರಿ ಬಾಗಿಲಿಗೆ ಅಡ್ಡ ನಿಂತು, "ಓಡ್ಬ್ಯಾಡಿ, ಕೂಗ್ಬ್ಯಾಡಿ," ಅಂದಳು, ಮೆಲ್ಲಗೆ. ಆಮೇಲೆ ನಮ್ಮ ಕಡೆ ನೋಡಿ, "ಏನ್ ಮಾಡನ, ನೀವೇಳಿ ಸಾರ್," ಅಂದಳು. ನಮ್ಮನ್ನು ಕೂಡಿಹಾಕಿದವರೆಲ್ಲ ಈಗ ನಮ್ಮ ಬಾಯನ್ನೇ ನೋಡುತ್ತಿದ್ದರು.

ಹಿರಿಯ ಗಾರ್ಡ್ ಹೇಳಿದಂತೆ ಅಂಗನವಾಡಿ ಟೀಚರಿಗೆ ಫೋನ್ ಹೋಯಿತು. ಅವರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಮ್ಮ ಜೀಪನ್ನು ಹೊಸಿಲಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿ, ಒಬ್ಬೊಬ್ಬರನ್ನೇ ಎತ್ತಿ ಕೂರಿಸಿದೆವು. ಒಂದು ಮಗು ನನ್ನ ಟೋಪಿ ಕೇಳಿತು, ಕೊಟ್ಟೆ. ಆ ಹೊತ್ತಿನಲ್ಲೂ ತೋಟದ ಒಣಗಿದ ಎಲೆಗಳು ಅಲ್ಲಾಡಿದ್ದನ್ನು ನಾನು ಕಂಡೆ. ಗಾಳಿ ಇರಲಿಲ್ಲ.

ಮಾರನೆಯ ದಿನ ಡಾಕ್ಟರು ಬಂದು ಅರಿವಳಿಕೆ ಮದ್ದು ಹೊಡೆದು ಹುಲಿಯನ್ನು ಹಿಡಿದರು. ಮುಂಗಾಲು ಊದಿಕೊಂಡಿದ್ದ, ಬಡಕಲು ಹೆಣ್ಣು ಹುಲಿ. ಅದನ್ನು ಕಂಡಾಗ ನನಗೆ ಅಷ್ಟು ಭಯವಾಗಲಿಲ್ಲ. ನನ್ನನ್ನು ಇವತ್ತಿಗೂ ಬೆಚ್ಚಿಬೀಳಿಸುವುದು ಬೇರೆ. ಆ ದಿನ ಡೈರಿ ಬಾಗಿಲಲ್ಲಿ ನಿಂತು ಕಿರುಚಾಡಿದವರಲ್ಲೇ ಒಬ್ಬೊಬ್ಬರ ಹತ್ತಿರ ಹುಲಿಯ ಸುಳಿವಿನ ಒಂದೊಂದು ಚೂರು ಇತ್ತು. ಆ ಹೆಂಗಸು ಎಲ್ಲರನ್ನೂ ಕೂರಿಸಿ ಬಾಯಿ ಬಿಡಿಸದಿದ್ದರೆ, ನಾವು ಸಂಜೆಯವರೆಗೂ ಜಗಳವಾಡುತ್ತಲೇ ಇರುತ್ತಿದ್ದೆವು.

ಹುಲಿಯನ್ನು ಸಾಗಿಸಿದ ಮೇಲೆ ಹಸುವಿನವನೇ ತನ್ನ ಬೈಕಿನಲ್ಲಿ ನನ್ನನ್ನು ಗುಂಡ್ಲುಪೇಟೆ ಬಸ್ಸಿಗೆ ಬಿಟ್ಟ. ಬಸ್ಸು ಬಂದಾಗ, "ನನ್ ಮಗ್ಳೂವೆ ಆ ಅಂಗನವಾಡೀಲೇ ಇದ್ಲು ಕಣಮ್ಮ," ಅಂದು ಬೈಕು ತಿರುಗಿಸಿಕೊಂಡ.